ಪಂಪ್ ಮಾರಿದರೆ ಸಾಲದು, ತೊಳೆಯುವುದನ್ನೂ ತೋರಿಸಿಕೊಡಿ

ಸಂಪಾದಕರಿಗೆ,

ಮಾನ್ಯರೆ,

ಆಗಸ್ಟ್ ಮೊದಲ ವಾರ ಬಂತೆಂದರೆ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಸ್ತನ್ಯಪಾನ ಸಪ್ತಾಹದ ಫೋಟೊಗಳು ಸಾಲಾಗಿ ಬರುತ್ತವೆ. ದೀಪ ಹಚ್ಚುವವರು, ಭಾಷಣ ಮಾಡುವವರು, ಮುಂದಿನ ಸಾಲಿನಲ್ಲಿ ಮಗು ಎತ್ತಿಕೊಂಡು ಕೂತ ಬಾಣಂತಿಯರು. ಅಂಗನವಾಡಿ ಕಾರ್ಯಕರ್ತೆಯಾಗಿದ್ದಾಗ ಅಂಥ ಫೋಟೊದ ಮೂಲೆಯಲ್ಲಿ ನಾನೂ ನಿಂತವಳೇ. ತಾಯಿಯ ಹಾಲೇ ಮಗುವಿಗೆ ಅಮೃತ ಎನ್ನುವುದು ನನಗೆ ನಿದ್ದೆಯಲ್ಲೂ ಬಾಯಿಗೆ ಬರುತ್ತದೆ. ಆದರೆ ಕೆಲಸಕ್ಕೆ ಹೋಗುವ ತಾಯಿ ಆ ಹಾಲನ್ನು ಹೇಗೆ ತೆಗೆದಿಡಬೇಕು, ತೆಗೆಯುವ ಪಂಪನ್ನು ಹೇಗೆ ತೊಳೆಯಬೇಕು ಎಂದು ಆ ವೇದಿಕೆಯಲ್ಲಿ ಯಾರೂ ಹೇಳಿದ್ದು ನಾನು ಕೇಳಿಲ್ಲ. ಈಗ ನಿವೃತ್ತಿಯಾಗಿದೆ, ಮನೆಯಲ್ಲಿ ಮೊಮ್ಮಗಳನ್ನು ನೋಡಿಕೊಳ್ಳುತ್ತೇನೆ. ಪಂಪ್ ತೊಳೆಯುವ ಕೆಲಸವೂ ನನ್ನದೇ. ಅದಕ್ಕೇ ಈ ಪತ್ರ.

ನಮ್ಮದು ಅಂಕೋಲಾ. ಮಗಳು ಕಾರವಾರದ ಒಂದು ಸಣ್ಣ ಖಾಸಗಿ ಕಚೇರಿಗೆ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. 2017ರಲ್ಲಿ ಕಾನೂನಿಗೆ ತಿದ್ದುಪಡಿಯಾಗಿ, ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ಹೆರಿಗೆ ರಜೆ ಬಂತು. 50 ಅಥವಾ ಅದಕ್ಕಿಂತ ಜಾಸ್ತಿ ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಲು ಬಿಡಬೇಕು ಎಂದೂ ಅದರಲ್ಲಿದೆ. ಒಳ್ಳೆಯದೇ. ಆದರೆ ನಮ್ಮ ಕಡೆ ಅಷ್ಟು ಜನ ಇರುವ ಕಚೇರಿ ಎಷ್ಟಿವೆ? ರಜೆ ಮುಗಿದ ಮೇಲೆ ಉಳಿಯುವ ದಾರಿ ಪಂಪ್ ಒಂದೇ.

ಪಂಪ್ ತಂದ ಅಂಗಡಿಯಲ್ಲಿ ತೊಳೆಯುವುದು ಹೇಗೆ ಎಂದು ಕೇಳಿದೆ. ‘ಬಿಸಿನೀರಲ್ಲಿ ತೊಳೆದ್ರೆ ಆಯ್ತು ಅಕ್ಕೋರೆ’ ಎಂದರು. ಡಬ್ಬಿಯೊಳಗೆ ಮಡಚಿಟ್ಟ ಕಾಗದ ಬಿಡಿಸಿದರೆ ಇರುವೆ ಸಾಲಿನಷ್ಟು ಸಣ್ಣ ಇಂಗ್ಲಿಷ್ ಅಕ್ಷರ. ಹಿಂದಿ ಇದೆ, ಕನ್ನಡ ಇಲ್ಲ. ಮಗಳು ಓದಿ ಹೇಳಿದಳು, ನಡೆಯಿತು. ಓದಿ ಹೇಳುವವರಿಲ್ಲದ ಮನೆಯಲ್ಲಿ?

ಬಿಡಿಸಿದರೆ ಪಂಪ್ ಐದಾರು ತುಂಡು. ಎದೆಗೆ ಹಿಡಿಯುವ ಅಗಲ ಬಾಯಿ, ಅದರ ಕೆಳಗೆ ಸಿಲಿಕೋನಿನ ಪುಟ್ಟ ವಾಲ್ವ್, ಹಾಲು ಬೀಳುವ ಬಾಟಲಿ, ಗಾಳಿ ಎಳೆಯುವ ಟ್ಯೂಬ್, ಮೋಟರ್. ಕಣ್ಣು ತಪ್ಪಿಸುವುದು ವಾಲ್ವ್. ನಮ್ಮದರಲ್ಲಿ ಅದರ ಗಾತ್ರ ಬೆರಳ ತುದಿಯಷ್ಟು, ಕೊನೆಯಲ್ಲಿ ಕೂದಲೆಳೆಯಷ್ಟು ಸೀಳು. ಎರಡು ಬದಿಯಿಂದ ಒತ್ತಿ ಸೀಳು ತೆರೆದು ಬೆಳಕಿಗೆ ಹಿಡಿಯಿರಿ. ಒಳಗೆ ಹಾಲಿನ ಜಿಡ್ಡು ಬಿಳಿ ಗೆರೆಯಾಗಿ ಕೂತಿರುತ್ತದೆ. ಮೇಲಿಂದ ನೀರು ಬಿಟ್ಟರೆ ಅದು ಅಲ್ಲಾಡುವುದೂ ಇಲ್ಲ. ಬ್ರಷ್ ತುರುಕಿದರೆ ಸೀಳು ಹರಿದು ಪಂಪ್ ಎಳೆಯುವುದೇ ನಿಲ್ಲುತ್ತದೆ. ಸೋಪಿನ ನೀರಿನಲ್ಲಿ ಬೆರಳ ನಡುವೆ ಇಟ್ಟು ಮೆಲ್ಲಗೆ ಉಜ್ಜಬೇಕು, ಆಮೇಲೆ ಸೀಳು ತೆರೆದು ಹಿಡಿದು ಹರಿಯುವ ನೀರನ್ನು ಅದರೊಳಗಿಂದ ದಾಟಿಸಬೇಕು. ಪ್ರತಿ ಸಲ ಹಾಲು ತೆಗೆದ ಮೇಲೂ ಇಷ್ಟು ಆಗಲೇಬೇಕು. ‘ಸಂಜೆ ಒಟ್ಟಿಗೆ ತೊಳೆದರಾಯ್ತು’ ಎಂದು ಬಕೆಟ್ಟಿನಲ್ಲಿ ನೆನೆಹಾಕಿಡುವುದು ಬೇಡ.

ಯಾಕೆ ಬೇಡ ಎನ್ನುವುದಕ್ಕೆ ಒಂದು ಸಂಗತಿ ಹೇಳುತ್ತೇನೆ. 2016ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಅವಧಿಗೆ ಮೊದಲೇ, 29 ವಾರಕ್ಕೇ ಹುಟ್ಟಿದ ಮಗುವೊಂದಕ್ಕೆ ಕ್ರೋನೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದಿಂದ ಮಿದುಳಿಗೆ ಸೋಂಕಾಯಿತು. ಹುಡುಕುತ್ತಾ ಹೋದರೆ ಅದೇ ಬ್ಯಾಕ್ಟೀರಿಯಾ ಮನೆಯ ಪಂಪಿನಲ್ಲೂ ಇತ್ತು, ಅಡುಗೆಮನೆಯ ಸಿಂಕಿನ ತೂತಿನಲ್ಲೂ ಇತ್ತು. ಆ ಮನೆಯಲ್ಲಿ ಪಂಪಿನ ತುಂಡುಗಳನ್ನು ಸೋಪಿನ ನೀರಿನಲ್ಲಿ ಗಂಟೆಗಟ್ಟಲೆ ನೆನೆಸಿ, ಉಜ್ಜದೆ, ಬರೀ ಜಾಲಿಸಿ ಎತ್ತಿಡುತ್ತಿದ್ದರಂತೆ. ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಅದಾದ ಮೇಲೆಯೇ ಪಂಪ್ ತೊಳೆಯುವ ಬಗ್ಗೆ ವಿವರವಾದ ಸೂಚನೆ ಹೊರಡಿಸಿತು. ಹೆದರಿಸಲಿಕ್ಕೆ ಬರೆಯುತ್ತಿಲ್ಲ. ಇಂಥದ್ದು ತೀರಾ ಅಪರೂಪ. ಆದರೆ ಆ ತಾಯಿಗೂ ಮೊದಲೇ ಯಾರಾದರೂ ಕೂತು ಹೇಳಿದ್ದರೆ ಆಗುತ್ತಿತ್ತು, ಅಲ್ವಾ?

ಸಿಂಕಿನ ಮಾತು ಬಂತಲ್ಲ, ಅದು ನಮ್ಮ ಕರಾವಳಿಯವರಿಗೆ ಇನ್ನೂ ಜಾಸ್ತಿ ಅನ್ವಯ. ಬೆಳಿಗ್ಗೆ ಬಂಗಡೆ, ತಾರ್ಲೆ ಮೀನು ಹೆಚ್ಚಿ ತೊಳೆದ ಸಿಂಕು ಅದು. ಎಷ್ಟು ತಿಕ್ಕಿದರೂ ಪಂಪಿನ ತುಂಡನ್ನು ಅದರೊಳಗೆ ಹಾಕುವ ಹಾಗಿಲ್ಲ. ಪಂಪಿಗೆಂದೇ ಒಂದು ಬೇಸಿನ್, ಒಂದು ಬ್ರಷ್ ಬೇರೆ ಇಡಬೇಕು. ಬೇರೆ ಯಾವುದಕ್ಕೂ ಅದನ್ನು ಮುಟ್ಟಬಾರದು, ಅದನ್ನೂ ಆಗಾಗ ತೊಳೆದು ಒಣಗಿಸಬೇಕು. ತೆಂಗಿನ ನಾರು, ಸ್ಟೀಲ್ ಜುಂಗು ಬೇಡವೇ ಬೇಡ. ಪ್ಲಾಸ್ಟಿಕ್ ಮೇಲೆ ಗೀರು ಬೀಳುತ್ತದೆ, ಗೀರಿನಲ್ಲಿ ಜಿಡ್ಡು ಕೂರುತ್ತದೆ. ಕೆಲವು ಮನೆಗಳಲ್ಲಿ ಡೆಟಾಲ್ ಹಾಕುತ್ತಾರೆ. ಅದೂ ಬೇಡ, ಮಗುವಿನ ಬಾಯಿಗೆ ಹೋಗುವ ಹಾಲು ಅದು.

ಕುದಿಸುವುದು ಎಲ್ಲರಿಗೂ ಗೊತ್ತಿದೆ. ಆದರೆ ಕುದಿಸಿದರೆ ತೊಳೆಯಬೇಕಾಗಿಲ್ಲ ಎಂದುಕೊಂಡವರೇ ಹೆಚ್ಚು. ಜಿಡ್ಡು ಇದ್ದ ಹಾಗೇ ಕುದಿಸಿದರೆ ಜಿಡ್ಡು ಬೇಯುತ್ತದೆ ಅಷ್ಟೇ. ಮೊದಲು ತೊಳೆಯಬೇಕು, ಆಮೇಲೆ ತುಂಡು ಪೂರ್ತಿ ಮುಳುಗುವಷ್ಟು ನೀರಿಟ್ಟು, ಕುದಿ ಬಂದ ಮೇಲೆ ಐದು ನಿಮಿಷ ಬಿಡಬೇಕು. ಕುದಿಸಬಹುದಾದ ತುಂಡು ಯಾವುದು ಎಂದು ಡಬ್ಬಿಯೊಳಗಿನ ಕಾಗದದಲ್ಲಿ ಇರುತ್ತದೆ. ಟ್ಯೂಬನ್ನು ಸುಮ್ನೆ ಅದರ ಜೊತೆ ಹಾಕಬೇಡಿ. ಮೋಟರನ್ನಂತೂ ನೀರಿಗೆ ಹಾಕಲೇಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಎರಡು ತಿಂಗಳೊಳಗಿನ ಮಗು, ಅವಧಿಗೆ ಮೊದಲು ಹುಟ್ಟಿದ ಮಗು, ಕಾಯಿಲೆಯಿಂದ ಬಳಲಿದ ಮಗುವಾದರೆ ದಿನಕ್ಕೊಮ್ಮೆಯಾದರೂ ಕುದಿಸಲೇಬೇಕು. ದೊಡ್ಡದಾದ, ಗಟ್ಟಿಮುಟ್ಟಾದ ಮಗುವಿಗೆ ಪ್ರತಿ ಸಲ ಚೆನ್ನಾಗಿ ತೊಳೆಯುವುದೇ ಮುಖ್ಯ.

ಇನ್ನು ಒಣಗಿಸುವುದು. ನನ್ನ ದೊಡ್ಡ ತಕರಾರು ಇಲ್ಲೇ. ‘ಗಾಳಿಗೆ ಪೂರ್ತಿ ಒಣಗಿಸಿ’ ಎಂದು ಆ ಕಾಗದದಲ್ಲಿ ಒಂದೇ ಸಾಲು. ಬರೆದವರು ಜುಲೈ ತಿಂಗಳಲ್ಲಿ ಅಂಕೋಲಾಕ್ಕೆ ಬಂದಿರಲಿಕ್ಕಿಲ್ಲ. ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು ಇದು, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ದೇವರ ಫೋಟೊದ ಹಿಂದೆ ಬೂಷ್ಟು. ಅಂಥದ್ದರಲ್ಲಿ ಪಂಪಿನ ಬಾಟಲಿ ಒಣಗುತ್ತದೆಯೇ? ಮೇಲಿಂದ ಗಾಳಿಮಳೆಗೆ ಕರೆಂಟ್ ಹೋದರೆ ಫ್ಯಾನೂ ಇಲ್ಲ. ಪಕ್ಕದ ಮನೆಯವರು ಬಚ್ಚಲೊಲೆಯ ಮೇಲೆ ತೂಗುಹಾಕಿ ಎಂದರು. ಮಗುವಿನ ಬಟ್ಟೆಗೆ ಆದೀತು, ಇದಕ್ಕೆ ಆಗದು. ಹೊಗೆ, ಮಸಿ ಎಲ್ಲ ಒಳಗೆ ಕೂರುತ್ತದೆ.

ನಾನು ಮಾಡುವುದು ಇಷ್ಟು. ರಾತ್ರಿ ತೊಳೆದದ್ದನ್ನು ಚೆನ್ನಾಗಿ ಕೊಡವುತ್ತೇನೆ. ಒಗೆದು ಇಸ್ತ್ರಿ ಹಾಕಿದ ಹತ್ತಿಬಟ್ಟೆ ಹಾಸಿ ಅದರ ಮೇಲೆ ಬೋರಲು ಹಾಕುತ್ತೇನೆ. ಇಸ್ತ್ರಿ ಶೋಕಿಗಲ್ಲ, ಮಳೆಗಾಲದಲ್ಲಿ ಬಟ್ಟೆಯೇ ಒಣಗಿರುವುದಿಲ್ಲವಲ್ಲ, ಅದಕ್ಕೆ. ಅಡುಗೆಮನೆಯ ಕೈಬಟ್ಟೆಯಲ್ಲಿ ಒರೆಸುವುದಿಲ್ಲ. ತೊಳೆದಷ್ಟೂ ಕೊಳೆ ಅದರಿಂದಲೇ ವಾಪಸ್ ಬರುತ್ತದೆ. ಅರ್ಧ ಒಣಗಿದ್ದನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚುವುದೂ ಇಲ್ಲ. ಮಳೆ ಜೋರಿದ್ದ ದಿನ ರಾತ್ರಿ ಕುದಿಸುವ ಬದಲು, ಮಗಳು ಹೊರಡುವುದಕ್ಕೆ ಮುಂಚೆ ಬೆಳಿಗ್ಗೆ ಕುದಿಸಿ, ಬಿಸಿ ಇರುವಾಗಲೇ ಇಕ್ಕಳದಲ್ಲಿ ಎತ್ತಿ ಕೊಡವಿ ಇಡುತ್ತೇನೆ. ಬಿಸಿಗೆ ನೀರು ಬೇಗ ಆರುತ್ತದೆ.

ಟ್ಯೂಬಿನದು ಇನ್ನೊಂದು ಕತೆ. ಅದಕ್ಕೆ ಹಾಲು ಹೋಗದಿದ್ದರೂ ಒಳಗೆ ಆವಿಯ ಹನಿ ನಿಲ್ಲುತ್ತದೆ. ಹಾಲು ತೆಗೆದಾದ ಮೇಲೆ ಟ್ಯೂಬನ್ನು ಮೋಟರಿನಲ್ಲಿ ಬಿಟ್ಟು, ಇನ್ನೊಂದು ತುದಿ ಕಳಚಿ, ಸ್ವಲ್ಪ ಹೊತ್ತು ಮೋಟರ್ ಓಡಿಸಿದರೆ ಹನಿ ಆರುತ್ತದೆ. ಒಳಗೆ ಕಪ್ಪು ಚುಕ್ಕೆ ಕಂಡರೆ ತೊಳೆಯಲು ಹೋಗಬೇಡಿ, ಎಸೆದು ಹೊಸದು ಹಾಕಿ. ಅತ್ತಿಗೆಯ ಪಂಪು ನಾದಿನಿಗೆ, ನಾದಿನಿಯದು ಅವಳ ತಂಗಿಗೆ ಎಂದು ತೊಟ್ಟಿಲಿನ ಹಾಗೆ ದಾಟಿಸುವ ರೂಢಿಯೂ ಇದೆ. ಒಬ್ಬರಿಗೆಂದೇ ಮಾಡಿದ ಪಂಪಿನಲ್ಲಿ ಹಾಲು ಮೋಟರಿನವರೆಗೂ ಹೋಗಿರಬಹುದು, ಅಲ್ಲಿ ನಮ್ಮ ಬ್ರಷ್ ತಲುಪುವುದಿಲ್ಲ. ದುಡ್ಡು ಉಳಿಸಲು ಬೇರೆ ದಾರಿ ನೋಡಿ.

ಬೇರೆ ದಾರಿ ಎಂದರೆ ಕೈ. ಕೈಯನ್ನು ಸೋಪು ಹಚ್ಚಿ ತೊಳೆದು, ಕುದಿಸಿದ ಸ್ಟೀಲ್ ಬಟ್ಟಲಿಗೆ ಕೈಯಿಂದಲೇ ಹಾಲು ಹಿಂಡಬಹುದು. ಬಟ್ಟಲು ಬಿಟ್ಟರೆ ತೊಳೆಯುವ ತುಂಡೇ ಇಲ್ಲ. 2019ರ ಆಗಸ್ಟಿನಲ್ಲಿ ಇಲ್ಲಿನ ಗಂಗಾವಳಿ ನದಿ ಉಕ್ಕಿ ಮನೆಗಳಿಗೆ ನೀರು ನುಗ್ಗಿತ್ತು. ಅಂಥ ಹೊತ್ತಿನಲ್ಲಿ ಬಾವಿ ನೀರಿಗೆ ನಂಬಿಕೆ ಇಲ್ಲ, ಕರೆಂಟೂ ಇಲ್ಲ. ಆಗ ಕೈಗೆ ಬರುವುದು ಇದೇ. ಕುಡಿಸಲಿಕ್ಕೂ ನಮ್ಮ ಹಳೇ ಒಳಲೆಯೇ ಒಳ್ಳೆಯದು. ಬಾಟಲಿಗಿಂತ ತೊಳೆಯಲು ಸುಲಭ. ಬಾಟಲಿ ಬೇಡ, ಬಟ್ಟಲು ಚಮಚ ಅಥವಾ ಒಳಲೆ ಬಳಸಿ ಎಂದು ಮಕ್ಕಳ ಡಾಕ್ಟರುಗಳೂ ಹೇಳುತ್ತಾರೆ.

ಕಚೇರಿಯ ವಿಷಯಕ್ಕೆ ಬರುತ್ತೇನೆ. ಮಗಳಿಗೆ ಅಲ್ಲಿ ಪಂಪ್ ತೊಳೆಯಲು ಇರುವ ಜಾಗ ಟಾಯ್ಲೆಟ್ಟಿನ ವಾಷ್‌ಬೇಸಿನ್ ಒಂದೇ. ‘ಆಯಿ, ಅಲ್ಲಿ ನಾನು ಕೈ ತೊಳೀಲಿಕ್ಕೂ ಹೆದರ್ತೆ’ ಎನ್ನುತ್ತಾಳೆ. ಹಾಗಾಗಿ ಎರಡು ಜೊತೆ ತುಂಡು ಒಯ್ಯುತ್ತಾಳೆ, ಬಳಸಿದ್ದನ್ನು ಬೇರೆ ಚೀಲದಲ್ಲಿ ಮನೆಗೆ ತರುತ್ತಾಳೆ. ಎರಡನೇ ಜೊತೆಗೆ ದುಡ್ಡು ಕೊಟ್ಟಿದ್ದೇವೆ, ಎಲ್ಲರಿಗೂ ಆಗುತ್ತದೆಯೇ? ಹಾಲೂ ಹಾಗೇ. ತೆಗೆದ ಹಾಲು ಹೊರಗೆ ನಾಲ್ಕು ಗಂಟೆ ಕೆಡದೆ ಇರುತ್ತದೆ ಎಂದು ಎಲ್ಲ ಕಡೆ ಬರೆದಿರುತ್ತದೆ. ಅದು 25 ಡಿಗ್ರಿಯೊಳಗಿನ ಲೆಕ್ಕ. ನಮ್ಮ ಏಪ್ರಿಲ್, ಮೇ ಸೆಕೆಗೆ ಆ ಲೆಕ್ಕ ನಡೆಯದು, ಐಸ್ ಪ್ಯಾಕ್ ಇಟ್ಟ ಚೀಲವೇ ಬೇಕು. ಕಚೇರಿಯವರು ದೊಡ್ಡ ಕೋಣೆ ಕಟ್ಟಬೇಕೆಂದು ನಾನು ಕೇಳುತ್ತಿಲ್ಲ. ಚಿಲಕ ಹಾಕುವ ಒಂದು ಮೂಲೆ, ಟಾಯ್ಲೆಟ್ಟಿನಿಂದ ಹೊರಗೆ ಒಂದು ನಲ್ಲಿ, ಒಂದು ಪ್ಲಗ್. ಇಷ್ಟಾದರೆ ಸಾಕು.

ಆರೋಗ್ಯ ಇಲಾಖೆಯವರಿಗೂ ಒಂದು ಮಾತು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 42 ದಿನದೊಳಗೆ ಆಶಾ ಕಾರ್ಯಕರ್ತೆ ಆರು ಸಲ ಮನೆಗೆ ಬರಬೇಕೆಂದು ಇದೆ. ಆಗ ತಾಯಿ ಮನೆಯಲ್ಲೇ ಇರುತ್ತಾಳೆ, ಪಂಪಿನ ಮಾತು ತಲೆಗೆ ಹೋಗುವುದಿಲ್ಲ. ಆದರೆ ಮಗುವಿಗೆ 3, 6, 9, 12, 15 ತಿಂಗಳಾದಾಗಲೂ ಭೇಟಿ ಕೊಡುವ ಕಾರ್ಯಕ್ರಮ 2018ರಿಂದ ಇದೆ. ಮೂರನೇ ತಿಂಗಳ ಭೇಟಿ ಸರಿಯಾದ ಹೊತ್ತು. ರಜೆ ಮುಗಿಯುವುದಕ್ಕೆ ಇನ್ನೂ ಸಮಯ ಇರುತ್ತದೆ. ‘ಕೆಲಸಕ್ಕೆ ಹೋಗ್ತೀಯಾ? ಪಂಪ್ ತಗೊಂಡ್ಯಾ? ತಾ ನೋಡ್ವ’ ಎಂದು ಕೇಳಿ, ವಾಲ್ವ್ ಬಿಡಿಸಿ ತೋರಿಸಿದರೆ ಹತ್ತು ನಿಮಿಷದ ಕೆಲಸ. ಆಶಾಗಳ ಮೇಲೆ ಈಗಾಗಲೇ ಎಷ್ಟು ಹೊರೆ ಇದೆ ಎನ್ನುವುದು ನನಗೆ ಚೆನ್ನಾಗಿ ಗೊತ್ತು. ಅದಕ್ಕೇ ಬರೆಯುವ ಇನ್ನೊಂದು ರಿಜಿಸ್ಟರ್ ಕೊಡಬೇಡಿ, ಒಂದು ಹಳೇ ಪಂಪ್ ಕೊಡಿ, ತೋರಿಸಲಿಕ್ಕೆ. ಮೆಡಿಕಲ್ ಶಾಪಿನವರು ಪಂಪ್ ಮಾರುವಾಗ ದೊಡ್ಡ ಅಕ್ಷರದ ಒಂದು ಕನ್ನಡ ಹಾಳೆ ಜೊತೆಗೆ ಕೊಟ್ಟರೆ ಅವರ ಗಂಟೇನೂ ಹೋಗುವುದಿಲ್ಲ. ಮಳೆಗಾಲದಲ್ಲಿ ಒಣಗಿಸುವುದು ಹೇಗೆ ಎನ್ನುವುದು ಆ ಹಾಳೆಯಲ್ಲಿ ಮೊದಲು ಬರಲಿ.

ಹಾಳೆ ಬರೆದುಕೊಡಲು ಯಾರೂ ಸಿಗದಿದ್ದರೆ ನಾನೇ ಬರೆದುಕೊಡುತ್ತೇನೆ. ಡಾಕ್ಟರು ಒಮ್ಮೆ ಓದಿ ಸರಿ ಮಾಡಿದರೆ ಆಯಿತು.

ಇತಿ,
ಒಬ್ಬ ನಿವೃತ್ತ ಅಂಗನವಾಡಿ ಕಾರ್ಯಕರ್ತೆ
ಅಂಕೋಲಾ, ಉತ್ತರ ಕನ್ನಡ