ಸಹಿಗೆ ಮೊದಲು: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಅಜ್ಜಿಯ ಮೊಣಕಾಲಿನ ಆಪರೇಷನ್ನಿಗೆ ಹುಬ್ಬಳ್ಳಿ ದವಾಖಾನೆಯಲ್ಲಿ ನೀನೇ ಜೊತೆಗಿರುತ್ತೀ. ಗದಗಿನಲ್ಲಿ ಅಜ್ಜನ ಕಣ್ಣಿನ ಪೊರೆಯದ್ದೂ ಹತ್ತಿರ ಬಂತು. ಆರೈಕೆ ನಿನಗೆ ಹೇಳಿಕೊಡಬೇಕಿಲ್ಲ, ಕಾಗದಪತ್ರದ ಕಡೆ ಹೇಳಬೇಕು. ಹಿರಿಯರ ಹೆಸರಿನಲ್ಲಿ ವಿಮೆಗೆ ಸುಳ್ಳು ಬಿಲ್ ಹಾಕುವುದು ಸುಲಭ. ಓದದೆ ಸಹಿ ಮಾಡುತ್ತಾರೆ, ಹೆಬ್ಬೆಟ್ಟು ಒತ್ತು ಅಂದರೆ ಒತ್ತುತ್ತಾರೆ, ಡಾಕ್ಟರನ್ನು ಪ್ರಶ್ನೆ ಕೇಳಲು ಹಿಂಜರಿಯುತ್ತಾರೆ.

"ಕಂಪನಿ ರೊಕ್ಕ, ನಮಗೇನ್ರೀ ಅದರಾಗ?" ಅಂತ ಯಾರಾದರೂ ಅಂದರೆ ಒಪ್ಪಬೇಡ. ಅಜ್ಜಿಯ ಆರೋಗ್ಯ ವಿಮೆಯ ಪಾಲಿಸಿಯಲ್ಲಿ ವರ್ಷಕ್ಕೆ ಇಷ್ಟೇ ಅಂತ ಮೊತ್ತವಿದೆ. ಮಾಡದ ಚಿಕಿತ್ಸೆಗೆ ಅದು ಕರಗಿದರೆ ಅದೇ ವರ್ಷ ನಿಜವಾದ ಕಾಯಿಲೆ ಬಂದಾಗ ಕೈ ಖಾಲಿ. ಅದಕ್ಕಿಂತ ಕೆಟ್ಟದ್ದು, ಬಿಲ್ ಹಿಗ್ಗಿಸಲು ಇಲ್ಲದ ಹೃದಯದ ತೊಂದರೆಯನ್ನೋ ಕಿಡ್ನಿ ತೊಂದರೆಯನ್ನೋ ಬರೆದಿದ್ದರೆ ಅದು ದಾಖಲೆಯಲ್ಲಿ ಉಳಿದುಬಿಡುತ್ತದೆ. ನಾಳೆ ಬೇರೆ ಡಾಕ್ಟರು ಅದನ್ನು ನಂಬಿ ಗುಳಿಗೆ ಬರೆಯಬಹುದು, ಕಂಪನಿ ಅದನ್ನೇ ತೋರಿಸಿ ಮುಂದಿನ ಕ್ಲೇಮಿಗೆ ತಕರಾರು ತೆಗೆಯಬಹುದು.

ದಾಖಲಾಗುವ ದಿನ ಕ್ಯಾಶ್‌ಲೆಸ್ ಫಾರ್ಮ್ ಕೊಡುತ್ತಾರೆ, ಅಂದರೆ ಬಿಲ್ಲನ್ನು ವಿಮಾ ಕಂಪನಿಯೇ ನೇರವಾಗಿ ದವಾಖಾನೆಗೆ ಕೊಡಲಿ ಅಂತ ಕೇಳುವ ಅರ್ಜಿ. ಅದರಲ್ಲಿ ಕಾಯಿಲೆ, ಎಷ್ಟು ದಿನ, ಯಾವ ರೂಮು, ಅಂದಾಜು ಖರ್ಚು ಎಲ್ಲ ತುಂಬಿದ ಮೇಲೆಯೇ ಅಜ್ಜಿಯ ಸಹಿ. "ಸಹಿ ಮಾಡಿ ಹೋಗ್ರಿ, ಆಮ್ಯಾಲೆ ತುಂಬ್ತೀವಿ" ಅಂದರೆ ಬೇಡ ಅನ್ನು. ಸಹಿ ಆದ ಕೂಡಲೆ ಫೋಟೊ ತೆಗೆದುಕೊ. ಕಂಪನಿಯಿಂದ ಬರುವ ಮಂಜೂರಾತಿ ಪತ್ರದ ಪ್ರತಿಯನ್ನೂ ಕೇಳಿ ಪಡೆ. ಸುಳ್ಳು ಎಲ್ಲಾದರೂ ಇದ್ದರೆ ಈ ಎರಡನ್ನು ಪಕ್ಕಪಕ್ಕ ಇಟ್ಟಾಗ ಮೊದಲು ಕಾಣುತ್ತದೆ.

ಒಂದು ನೋಟ್‌ಬುಕ್ ಹಾಸಿಗೆ ಹತ್ತಿರವೇ ಇರಲಿ. ಯಾವ ಡಾಕ್ಟರು ಎಷ್ಟೊತ್ತಿಗೆ ಬಂದರು, ರಕ್ತ ಯಾವಾಗ ತೆಗೆದರು, ಆಕ್ಸಿಜನ್ ಹಚ್ಚಿದ್ದು ಎಷ್ಟಕ್ಕೆ, ತೆಗೆದದ್ದು ಎಷ್ಟಕ್ಕೆ, ಐಸಿಯುನಿಂದ ವಾರ್ಡಿಗೆ ಬಂದ ದಿನ ಮತ್ತು ಗಂಟೆ. ಬಿಲ್ಲಿನಲ್ಲಿ ಉಬ್ಬುವುದು ಬಹುಪಾಲು ಇವೇ. ಎರಡು ದಿನದ ಐಸಿಯು ನಾಲ್ಕಾಗುತ್ತದೆ, ಒಬ್ಬ ಡಾಕ್ಟರರ ಭೇಟಿ ಮೂವರದ್ದಾಗುತ್ತದೆ, ಪ್ಯಾಕೇಜಿನೊಳಗೇ (ಎಲ್ಲ ಸೇರಿಸಿ ಕಟ್ಟಿದ ಒಂದೇ ದರದೊಳಗೇ) ಇರುವ ಡ್ರೆಸಿಂಗು, ಫಿಸಿಯೊಥೆರಪಿ ಬೇರೆ ಸಾಲಿನಲ್ಲಿ ಮತ್ತೊಮ್ಮೆ ಬರುತ್ತವೆ. ಔಷಧದ ಚೀಟಿ ದಿನದಿನದ್ದು ಜೋಡಿಸಿಡು. ಬಳಸದೆ ಉಳಿದ ಸೂಜಿಮದ್ದು ನರ್ಸ್ ವಾಪಸ್ ಕಳಿಸಿದರೆ ಔಷಧ ಅಂಗಡಿಯ ವಾಪಸಾತಿ ರಸೀದಿ ಬರಬೇಕು, ಅಷ್ಟು ರೊಕ್ಕ ಬಿಲ್ಲಿನಲ್ಲಿ ಕಡಿಮೆ ಆಗಿರಬೇಕು.

ಮೊಣಕಾಲಿನ ವಿಷಯದಲ್ಲಿ ಇನ್ನೊಂದಿದೆ. ಒಳಗೆ ಕೂರಿಸುವ ಭಾಗಗಳು ಬೇರೆಬೇರೆ: ತೊಡೆಯ ಎಲುಬಿನ ತುದಿಗೊಂದು, ಕೆಳಗಿನ ಎಲುಬಿನ ಮೇಲೊಂದು ತಟ್ಟೆ, ನಡುವೆ ಪ್ಲಾಸ್ಟಿಕ್ ಭಾಗ, ಕೆಲವರಿಗೆ ಚಿಪ್ಪಿಗೂ ಒಂದು. ಪ್ರತಿ ಡಬ್ಬಿಯ ಮೇಲೂ ತಯಾರಿಸಿದ ಕಂಪನಿ, ಅಳತೆ, ಲಾಟ್ ನಂಬರ್ (ತಯಾರಾದ ತಂಡದ ಸಂಖ್ಯೆ) ಇರುವ ಸ್ಟಿಕ್ಕರ್ ಇರುತ್ತದೆ. ಅವು ಡಿಸ್ಚಾರ್ಜ್ ಕಾಗದಕ್ಕೆ ಅಂಟಿಸಿರಬೇಕು, ಇಲ್ಲವೇ ಪ್ರತಿ ಕೊಡಿ ಅಂತ ಕೇಳು. ಕೆಲವು ಭಾಗಗಳಲ್ಲಿ ಅಳತೆಯ ಜೊತೆ ಬಲಗಾಲೋ ಎಡಗಾಲೋ ಅಂತಲೂ ಬರೆದಿರುತ್ತಾರೆ, ಅದನ್ನೂ ನೋಡು. ಒಂದು ಕಾಲು ಮಾಡಿ ಎರಡರ ಬಿಲ್ ಹಾಕಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. 2017ರ ಆಗಸ್ಟ್‌ನಿಂದ ಈ ಭಾಗಗಳಿಗೆ ಸರಕಾರ ಗರಿಷ್ಠ ಬೆಲೆ ಕಟ್ಟಿದೆ, ಹೃದಯದ ರಕ್ತನಾಳದೊಳಗೆ ಕೂರಿಸುವ ಸ್ಟೆಂಟ್‌ಗಳಿಗೂ ಅದೇ ವರ್ಷ. ಅಜ್ಜನ ಕಣ್ಣಿನ ಲೆನ್ಸಿಗೂ ಪವರ್, ನಂಬರ್ ಇರುವ ಸ್ಟಿಕ್ಕರ್ ಬರುತ್ತದೆ.

ವಿಮಾ ಕಂಪನಿ ಮಾಡುವ ಎಲ್ಲ ಕಡಿತವೂ ಮೋಸವಲ್ಲ, ಇದನ್ನು ತಿಳಿಯದೆ ಜಗಳಕ್ಕೆ ಹೋಗಬೇಡ. ಪಾಲಿಸಿಯಲ್ಲಿ ರೂಮಿಗೆ ದಿನಕ್ಕೆ 4,000 ರೂಪಾಯಿ ಮಿತಿ ಇದ್ದು 6,000ದ ರೂಮು ಹಿಡಿದರೆ, ಡಾಕ್ಟರ್ ಫೀ, ಆಪರೇಷನ್ ಥಿಯೇಟರಿನಂಥ ಖರ್ಚಿನಲ್ಲೂ ಕಂಪನಿ ಮೂರರಲ್ಲಿ ಎರಡು ಪಾಲಷ್ಟೇ ಕೊಡಬಹುದು. ಅಂಥ ಖರ್ಚು 90,000 ಆದರೆ 30,000 ನಿಮ್ಮ ಮೇಲೆ. ಔಷಧ, ಒಳಗೆ ಕೂರಿಸಿದ ಭಾಗ, ತಪಾಸಣೆ ಇವುಗಳಲ್ಲಿ ಆ ಲೆಕ್ಕದಲ್ಲಿ ಕಡಿಯುವಂತಿಲ್ಲ. ಹಾಗಾಗಿ ರೂಮು ಆರಿಸುವ ಮೊದಲು ಪಾಲಿಸಿ ಓದು.

ಡಿಸ್ಚಾರ್ಜ್ ದಿನದ ಅವಸರದಲ್ಲೇ ಓದದೆ ಸಹಿ ಆಗಿಬಿಡುವುದು. ಊರಿಗೆ ಹೋಗುವ ಗಡಿಬಿಡಿ, ಕಾರು ಹೊರಗೆ ನಿಂತಿರುತ್ತದೆ. ವಿಮಾ ಕಂಪನಿಗಳ ಮೇಲೆ ನಿಗಾ ಇಡುವ ಸರಕಾರಿ ಸಂಸ್ಥೆ ಐಆರ್‌ಡಿಎಐ ಹೊರಡಿಸಿದ 2024ರ ಮೇ ತಿಂಗಳ ಸುತ್ತೋಲೆಯ ಪ್ರಕಾರ ದವಾಖಾನೆಯಿಂದ ಕೋರಿಕೆ ಹೋದ ಮೂರು ತಾಸಿನೊಳಗೆ ಕಂಪನಿ ಅಂತಿಮ ಮಂಜೂರಾತಿ ಕೊಡಬೇಕು, ಆ ಮೇಲಿನ ವಿಳಂಬಕ್ಕೆ ದವಾಖಾನೆ ಹೆಚ್ಚು ಹಾಕಿದರೆ ಅದನ್ನು ಕಂಪನಿಯೇ ಭರಿಸಬೇಕು. ಆ ಸಮಯದಲ್ಲಿ ಒಟ್ಟು ಮೊತ್ತದ ಚೀಟಿಯಲ್ಲ, ಸಾಲುಸಾಲಾಗಿ ಬಿಡಿಸಿದ ಬಿಲ್ ಕೇಳಿ ನೋಟ್‌ಬುಕ್ಕಿನ ಜೊತೆ ಹೋಲಿಸು.

ಅಜ್ಜನದು ಖಾಸಗಿ ಪಾಲಿಸಿಯಲ್ಲ, ಸರಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಪೂರ್ತಿ ಉಚಿತ. ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ. 30 ಮಾತ್ರ ಸರಕಾರದ್ದು, ಅವರ ಹತ್ತಿರ ಉಳಿದದ್ದನ್ನು ಕೇಳಿದರೆ ತಪ್ಪಲ್ಲ. ಅಜ್ಜ ಬಿಪಿಎಲ್, ಅವರ ಪ್ಯಾಕೇಜಿನೊಳಗಿನ ಲೆನ್ಸಿಗೆ, ಔಷಧಕ್ಕೆ ರೊಕ್ಕ ಕೇಳಿದರೆ ರಸೀದಿ ಕೇಳು. ರಸೀದಿ ಕೊಡುವುದಿಲ್ಲ ಅಂದರೆ ಅಲ್ಲೇ ಇರುವ ಆರೋಗ್ಯಮಿತ್ರರ (ಯೋಜನೆಯ ರೋಗಿಗಳಿಗೆ ನೆರವಾಗುವ ಸಿಬ್ಬಂದಿಯ) ಹತ್ತಿರ ಹೋಗು. ಹಳ್ಳಿಯ ಉಚಿತ ಶಿಬಿರಗಳಲ್ಲಿ ಕಾರ್ಡು, ಆಧಾರ್ ಪ್ರತಿ, ಹೆಬ್ಬೆಟ್ಟು ಸಂಗ್ರಹಿಸಿದರೆ ಯಾವ ಕೆಲಸಕ್ಕೆ ಅಂತ ಕೇಳದೆ ಕೊಡಬಾರದು, ಆ ಹೆಬ್ಬೆಟ್ಟಿನ ಮೇಲೆ ಹೊರರೋಗಿಯನ್ನೂ ಒಳರೋಗಿ ಮಾಡಿ ತೋರಿಸಬಹುದು. ಕಾರ್ಡನ್ನು ಬಂಧುಗಳಿಗೆ ಎರವಲು ಕೊಡುವುದೂ ಮೋಸವೇ. ಇನ್ನು ಕಾರ್ಡಿಗೆ ಯಾರ ಮೊಬೈಲ್ ನಂಬರ್ ಜೋಡಿಸಿದ್ದಾರೆ ಅಂತ ನೋಡು. ಸರಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ 2023ರ ವರದಿ ತೋರಿಸಿದಂತೆ ದೇಶದಲ್ಲಿ ಸುಮಾರು ಏಳೂವರೆ ಲಕ್ಷ ಫಲಾನುಭವಿಗಳ ಹೆಸರಿಗೆ 9999999999 ಎಂಬ ಒಂದೇ ನಂಬರ್ ಇತ್ತು. ಅಂಥ ಕಾರ್ಡಿನಲ್ಲಿ ಏನು ನಡೆದರೂ ಮನೆಯವರಿಗೆ ಸಂದೇಶ ಬರುವುದಿಲ್ಲ.

ತಪ್ಪು ಕಂಡರೆ ಮೊದಲು ಬಿಲ್ಲಿಂಗ್ ವಿಭಾಗಕ್ಕೆ ಬರಹದಲ್ಲಿ ಕೊಡು. ಕೈತಪ್ಪಿನಿಂದ ಆಗಿದ್ದರೆ ಅಲ್ಲೇ ಸರಿಹೋಗುತ್ತದೆ. "ನೀವು ಕಳ್ಳರು" ಅಂತ ಬರೆಯಬೇಡ. "ಐಸಿಯು ನಾಲ್ಕು ದಿನ ಎಂದಿದೆ, ರೋಗಿ ಎರಡನೇ ದಿನ ಸಂಜೆ 5ಕ್ಕೆ ವಾರ್ಡಿಗೆ ಬಂದಿದ್ದಾರೆ" ಅಂತ ಬರೆದರೆ ಸಾಕು, ಉತ್ತರ ಅವರೇ ಕೊಡಬೇಕಾಗುತ್ತದೆ. ಚಿಕಿತ್ಸೆಯ ದಾಖಲೆಗಳ ಪ್ರತಿಯನ್ನು ಬರೆದು ಕೇಳಿದರೆ 72 ತಾಸಿನಲ್ಲಿ ಕೊಡಬೇಕೆಂದು 2002ರ ವೈದ್ಯಕೀಯ ನಡತೆ ನಿಯಮ ಹೇಳುತ್ತದೆ. ಅಜ್ಜಿ ಇನ್ನೂ ಹಾಸಿಗೆಯಲ್ಲಿದ್ದಾಗ ದೂರಿಗೆ ಮನಸ್ಸು ಬರದಿದ್ದರೆ ತಪ್ಪಿಲ್ಲ, ಕಾಗದ ಕೂಡಿಸಿಕೊಂಡು ಮನೆಗೆ ಬಂದ ಮೇಲೆ ಕೊಡು.

ಅಲ್ಲಿ ಆಗದಿದ್ದರೆ ವಿಮಾ ಕಂಪನಿಯ ದೂರು ವಿಭಾಗ. ಕಂಪನಿ ಕೇಳದಿದ್ದರೆ ಐಆರ್‌ಡಿಎಐನ ದೂರು ಜಾಲತಾಣ ಬಿಮಾ ಭರೋಸಾ, ಫೋನ್ 155255. ಕಂಪನಿಯೇ ಕ್ಲೇಮ್ ತಪ್ಪಾಗಿ ಕಡಿದಿದ್ದರೆ, ಮೊದಲು ಕಂಪನಿಗೆ ದೂರು ಕೊಡು, ಅವರು ಒಪ್ಪದಿದ್ದರೆ ಅಥವಾ 30 ದಿನದಲ್ಲಿ ಉತ್ತರ ಬಾರದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ (ವಿಮೆಯ ತಕರಾರು ಬಗೆಹರಿಸುವ ಅಧಿಕಾರಿಗೆ) ಬರೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಕಂಪನಿಯ ಉತ್ತರ ಬಂದು ಒಂದು ವರ್ಷ ಮೀರಬಾರದು. ದವಾಖಾನೆಯ ಮೇಲಿನ ದೂರು ಓಂಬುಡ್ಸ್‌ಮನ್‌ಗೆ ಹೋಗುವುದಿಲ್ಲ. ಅದಕ್ಕೆ ಖಾಸಗಿ ದವಾಖಾನೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಕೆಪಿಎಂಇ ಪ್ರಾಧಿಕಾರವಿದೆ, ಅರ್ಜಿ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ಕೊಡು. ಎರಡು ವರ್ಷದೊಳಗೆ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಅಜ್ಜನ ಕಾರ್ಡಿನ ದೂರು 14555ಕ್ಕೆ. ಎಲ್ಲಿ ಕೊಟ್ಟರೂ ದೂರಿನ ನಂಬರ್ ಬರೆದುಕೊ.

"ಕಾರ್ಡ್ ಅಪ್‌ಡೇಟ್ ಮಾಡ್ತೀವಿ, ಓಟಿಪಿ ಹೇಳ್ರಿ" ಅಂತ ಅಜ್ಜಿಗೆ ಫೋನ್ ಬಂದರೆ ಇಟ್ಟುಬಿಡಲು ಹೇಳು. ರೊಕ್ಕ ಹೋಗಿಬಿಟ್ಟಿದ್ದರೆ ಬೇರೆ ಯಾರನ್ನೂ ಕೇಳುತ್ತ ಕೂರದೆ ಕೂಡಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಹಚ್ಚು.

ಇಂತಿ ನಿನ್ನ
ಅವ್ವ