ಹರಿದ ಹಾಳೆಯ ಬಗ್ಗೆ ಪೋಷಕರಿಗೆ ಒಂದು ಪತ್ರ

ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ

ಪ್ರಿಯ ಪೋಷಕರೇ,

ನಮಸ್ಕಾರ. ಕಾಫಿ ಕೊಯ್ಲು ಶುರುವಾಗಿದೆ, ಯಾರಿಗೂ ಬಿಡುವಿಲ್ಲ ಅಂತ ಗೊತ್ತು. ರಾತ್ರಿ ಊಟ ಆದಮೇಲಾದರೂ ಇದನ್ನು ಓದಿ.

ಕಳೆದ ವಾರ ಎರಡನೇ ತರಗತಿಯ ಒಂದು ಮಗು 'ಅಕ್ಕ', 'ಅಜ್ಜ' ಎಲ್ಲ ಸರಿಯಾಗಿ ಬರೆದು 'ಸೂರ್ಯ' ಹತ್ತಿರ ಬಂದು ನಿಂತಿತು. ಬರೆಯಿತು, ರಬ್ಬರಿನಿಂದ ಉಜ್ಜಿತು, ಮತ್ತೆ ಬರೆಯಿತು, ಮತ್ತೆ ಉಜ್ಜಿತು. ಹಾಳೆ ಹರಿಯಿತು. ಪುಸ್ತಕ ಮುಚ್ಚಿ, "ನಂಗೆ ಬರಲ್ಲ ಮಿಸ್, ನಾನು ದಡ್ಡಿ" ಅಂದಿತು. ಇನ್ನೂ ಏಳು ವರ್ಷ ಅದಕ್ಕೆ.

ಪಕ್ಕದಲ್ಲಿ ಕೂತ ಹುಡುಗನಿಗೂ ಅದು ಬಂದಿರಲಿಲ್ಲ. ಅವನು ಕೇಳಿದ್ದೇ ಬೇರೆ: "ಮಿಸ್, 'ರ್' ಮೊದಲು ಕೇಳ್ಸುತ್ತೆ, ಬರೆಯೋದು ಯಾಕೆ ಕೊನೇಲಿ?" ಅರ್ಕಾವತ್ತಿನ ಕಷ್ಟ ಇರುವುದೇ ಅಲ್ಲಿ. ಇಬ್ಬರೂ ತಪ್ಪಿದ್ದು ಒಂದೇ ಕಡೆ. ಒಬ್ಬನಿಗೆ ಅಕ್ಷರದ ಮೇಲೆ ಅನುಮಾನ ಬಂತು, ಇನ್ನೊಬ್ಬಳಿಗೆ ತನ್ನ ಮೇಲೇ.

ಮಕ್ಕಳಲ್ಲಿ ಈ ವ್ಯತ್ಯಾಸ ತುಂಬಾ ಬೇಗ ಕಾಣಿಸುತ್ತದೆ. ಅಮೆರಿಕದ ಮನಃಶಾಸ್ತ್ರಜ್ಞೆ ಕ್ಯಾರಲ್ ಡ್ವೆಕ್ ಮತ್ತು ಜೊತೆಗಾರರು ನಾಲ್ಕೈದು ವರ್ಷದ ಮಕ್ಕಳಿಗೆ ಚಿತ್ರ ಜೋಡಿಸಲು ಕೊಟ್ಟರು. ಕೆಲವು ಪೂರ್ತಿಯಾಗದಂಥವು. ಆಮೇಲೆ, ಯಾವುದನ್ನು ಮತ್ತೆ ಮಾಡುತ್ತೀಯ ಅಂತ ಕೇಳಿದರು. ಕೆಲವು ಮಕ್ಕಳು ಸೋತದ್ದನ್ನೇ ಮತ್ತೆ ಕೇಳಿದರು. ಕೆಲವರು ಆಗಲೇ ಜೋಡಿಸಿ ಮುಗಿಸಿದ್ದನ್ನೇ ಎತ್ತಿಕೊಂಡರು. 1998ರಲ್ಲಿ ಡ್ವೆಕ್ ಮತ್ತು ಕ್ಲಾಡಿಯಾ ಮುಲ್ಲರ್ ಐದನೇ ತರಗತಿ ಮಕ್ಕಳ ಮೇಲೆ ಮಾಡಿದ ಅಧ್ಯಯನ ಪ್ರಕಟವಾಯಿತು. ಸುಲಭದ ಆಕೃತಿ ಒಗಟು ಬಿಡಿಸಿದಾಗ ಕೆಲವರಿಗೆ 'ನೀನು ಬುದ್ಧಿವಂತ' ಅಂದರು, ಕೆಲವರಿಗೆ 'ಚೆನ್ನಾಗಿ ಕಷ್ಟಪಟ್ಟೆ' ಅಂದರು. ನಂತರ ಕಠಿಣವಾದವು ಕೊಟ್ಟರು, ಎಲ್ಲರೂ ಎಡವಿದರು. ಕೊನೆಗೆ ಮತ್ತೆ ಮೊದಲಿನಷ್ಟೇ ಸುಲಭದವು. 'ಬುದ್ಧಿವಂತ' ಅನ್ನಿಸಿಕೊಂಡವರು ಮೊದಲಿಗಿಂತ ಕಡಿಮೆ ಮಾಡಿದರು. ಇನ್ನೊಂದು ಗುಂಪು ಜಾಸ್ತಿ ಮಾಡಿತು.

ಇದನ್ನು ಓದಿದಾಗ ನನಗೆ ನನ್ನದೇ ತಪ್ಪು ನೆನಪಾಯಿತು. ಹಿಂದೆ ಒಬ್ಬಳು ಹುಡುಗಿ ಸೊಗಸಾಗಿ ಓದುತ್ತಿದ್ದಳು. ಶಾಲೆಗೆ ಯಾರೇ ಬಂದರೂ ಅವಳನ್ನು ನಿಲ್ಲಿಸಿ "ಇವಳು ನಮ್ಮ ಜಾಣೆ" ಅನ್ನುತ್ತಿದ್ದೆ. ವರ್ಷ ಮುಗಿಯುವ ಹೊತ್ತಿಗೆ ಓದುವ ಮೂಲೆಯಲ್ಲಿ ಅವಳು ಅದೇ ತೆಳು ಪುಸ್ತಕ ಹಿಡಿದು ಕೂರುತ್ತಿದ್ದಳು. ದಪ್ಪದ್ದು ಮುಟ್ಟುತ್ತಲೇ ಇರಲಿಲ್ಲ. ತಡವರಿಸಿದರೆ ಜಾಣೆ ಅನ್ನುವ ಹೆಸರು ಹೋಗುತ್ತಲ್ಲ. ಆ ಹೊರೆ ಹೊರಿಸಿದ್ದು ನಾನೇ.

ಒಂದು ಮಾತಿನಿಂದ ಅಂಕ ಜಿಗಿಯುತ್ತದೆ ಅಂತ ನಾನು ಹೇಳುತ್ತಿಲ್ಲ. ಆಮೇಲೆ ನಡೆದ ದೊಡ್ಡ ಅಧ್ಯಯನಗಳಲ್ಲಿ ಲಾಭ ಚಿಕ್ಕದಾಗಿಯೇ ಕಂಡಿದೆ. ಸುಮ್ನೆ 'ಪ್ರಯತ್ನ ಮಾಡು, ಪ್ರಯತ್ನ ಮಾಡು' ಅಂದರೂ ಆಗುವುದಿಲ್ಲ, ದಾರಿ ತೋರಿಸಬೇಕು. ನಮ್ಮ ಶಾಲೆಯ ನಲಿಕಲಿ ಕಲಿಕೆಯಲ್ಲಿ ಪಾಠಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಇಟ್ಟಿರುವುದು ಅದಕ್ಕೇ. ಮಗು ತನ್ನ ವೇಗದಲ್ಲಿ ಒಂದೊಂದೇ ಹತ್ತಲಿ ಅಂತ. ಪಕ್ಕದವನು ಯಾವ ಮೆಟ್ಟಿಲಲ್ಲಿದ್ದಾನೆ ಅಂತ ದಯವಿಟ್ಟು ಕೇಳಬೇಡಿ.

ಇನ್ನೊಂದು ಮಾತು. ಗೇಟಿನ ಹತ್ತಿರ ನಿಮ್ಮಲ್ಲಿ ಕೆಲವರು "ನಮ್ಮೋಳು ಲೆಕ್ಕದಲ್ಲಿ ವೀಕು ಮಿಸ್, ನಂಗೂ ಬರ್ತಿರಲಿಲ್ಲ" ಅನ್ನುತ್ತೀರಿ. ಪ್ರೀತಿಯಿಂದಲೇ ಹೇಳುತ್ತೀರಿ. ಆದರೆ ಮಗು ಕೈ ಹಿಡಿದು ಅಲ್ಲೇ ನಿಂತಿರುತ್ತದೆ, ಅಲ್ವಾ? ಅದರ ಬದಲು "ಕಳೆಯುವಾಗ ದಶಕ ತಗೊಳ್ಳೋ ಕಡೆ ನಿಲ್ತಾಳೆ" ಅನ್ನಿ. ಅದು ನನಗೂ ಉಪಯೋಗ, ಅವಳಿಗೂ.

ಮನೆಯಲ್ಲಿ ಮಗು ತಡವರಿಸಿದಾಗ ಪೆನ್ಸಿಲ್ ಕಿತ್ತುಕೊಳ್ಳಬೇಡಿ. ಸ್ವಲ್ಪ ಹೊತ್ತು ಸುಮ್ಮನೆ ಪಕ್ಕದಲ್ಲಿ ಕೂರಿ. "ಎಲ್ಲಿವರೆಗೆ ಬಂತು?" ಅಂತ ಕೇಳಿ. ಅಕ್ಕಿ ರೊಟ್ಟಿ ತಟ್ಟುವುದನ್ನು ನಾವೆಲ್ಲ ಕಲಿತದ್ದು ಹಾಗೇ. ಮೊದಮೊದಲು ಹರಿದದ್ದನ್ನೂ ಮನೆಯವರು ತಿಂದರು, ಹಿಟ್ಟಿಗೆ ಇನ್ನಷ್ಟು ನೀರು ಬೇಕು ಅಂತ ಹೇಳಿಕೊಟ್ಟರು.

ಈ ತಿಂಗಳಿಂದ ಒಂದರಿಂದ ಮೂರನೇ ತರಗತಿಯವರೆಗೆ ಚಿತ್ತಿಲ್ಲದ ಅಂದದ ಪ್ರತಿಯನ್ನು ಮತ್ತೆ ಬರೆಸುವುದನ್ನು ನಿಲ್ಲಿಸಿದ್ದೇವೆ. ಚಿತ್ತು ಇರುವ ಪುಸ್ತಕವೇ ಮನೆಗೆ ಬರುತ್ತದೆ. ಹೊಸದು ಕೊಡಿಸಬೇಡಿ, ಹರಿದ ಹಾಳೆಯನ್ನೂ ಕೀಳಬೇಡಿ. ಆ ಮಗುವಿನ ಹಾಳೆಗೆ ನಾನೇ ಹಿಂದಿನಿಂದ ಕಾಗದ ಅಂಟಿಸಿದೆ. ನಿನ್ನೆ ಅದರ ಮೇಲೆಯೇ 'ಸೂರ್ಯ' ಬರೆದಿದ್ದಾಳೆ. 'ಕಾರ್ಯ' ಇನ್ನೂ ಬಂದಿಲ್ಲ.

ನಿಮ್ಮ,
ಮುಖ್ಯ ಶಿಕ್ಷಕಿ