ಫಾರ್ಮ್ ಸಿ ಮೇಲೆ ಗಂಡನ ಸಹಿಗೆ ಜಾಗವೇ ಇಲ್ಲ, ಸಚಿವರೇ

ಮಾನ್ಯ ಕೇಂದ್ರ ಆರೋಗ್ಯ ಸಚಿವರಿಗೆ ನಮಸ್ಕಾರ.

ಹೋದ ವರ್ಷ ನನ್ನ ತಂಗಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಅವಳಿಗೆ ಆಗ ಎಂಟು ವಾರ. ಮೊದಲ ಮಗು ಇನ್ನೂ ಎದೆಹಾಲು ಬಿಟ್ಟಿರಲಿಲ್ಲ. ಕಾಪರ್-ಟಿ ಹಾಕಿಸಿಕೊಂಡಿದ್ದರೂ ಗರ್ಭ ನಿಂತಿತ್ತು. ತೆಗೆಸೋಣ ಅಂತ ಗಂಡ ಹೆಂಡತಿ ಮಾತಾಡಿಕೊಂಡೇ ತೀರ್ಮಾನಿಸಿದ್ದರು. ಡಾಕ್ಟರ್ ಚೀಟಿಯಿಂದ ತಲೆ ಎತ್ತದೆ ಕೇಳಿದ್ದು ಒಂದೇ ಮಾತು: "ಗಂಡ ಎಲ್ಲಿ? ಸಹಿ ಬೇಕು." ಅವನು ಲಾರಿ ಓಡಿಸುತ್ತಾನೆ, ಆವತ್ತು ಬೇರೆ ರಾಜ್ಯದಲ್ಲಿದ್ದ. ಫೋನ್ ಹಚ್ಚಿಕೊಡುತ್ತೇವೆ ಅಂದರೂ ಒಪ್ಪಲಿಲ್ಲ. ಇನ್ನೊಂದು ಕಡೆ "ನಾವು ಇದನ್ನೆಲ್ಲ ಮಾಡಲ್ಲ" ಅಂದರು. ಹಾಗಾದರೆ ಎಲ್ಲಿ ಹೋಗಬೇಕು ಅಂದಿದ್ದಕ್ಕೆ ಉತ್ತರವಿಲ್ಲ. ಮೂರನೇ ಕಡೆ ಒಪ್ಪುವ ಹೊತ್ತಿಗೆ ಹತ್ತು ವಾರ ದಾಟಿತ್ತು. ಮಾತ್ರೆ ಕೊಡಲು ನಿಯಮದಲ್ಲಿ ಅವಕಾಶ ಇರುವುದು ಒಂಬತ್ತು ವಾರದವರೆಗೆ. ಮಾತ್ರೆಯಲ್ಲಿ ಮುಗಿಯಬೇಕಾಗಿದ್ದಕ್ಕೆ ಅವಳು ಆಪರೇಷನ್ ಥಿಯೇಟರ್‌ನಲ್ಲಿ ಮಲಗಬೇಕಾಯಿತು.

ಅಲ್ಲೇ ಅವಳು ಸಹಿ ಹಾಕಿದ ಒಪ್ಪಿಗೆಯ ಫಾರ್ಮ್ ಸಿ ನೋಡಿದೆ. ಅದರಲ್ಲಿ ಗಂಡನ ಸಹಿಗೆ ಒಂದು ಗೆರೆಯೂ ಇಲ್ಲ! ಹದಿನೆಂಟು ತುಂಬಿದ, ಮನಸ್ಸು ಸ್ವಸ್ಥವಾಗಿರುವ ಹೆಂಗಸಿನ ಒಪ್ಪಿಗೆಯೊಂದೇ ಸಾಕು ಅಂತ ಗರ್ಭಪಾತದ ನಿಯಮ ಹೇಳುವ 1971ರ ಎಂಟಿಪಿ ಕಾಯ್ದೆಯೇ ಹೇಳುತ್ತದೆ. ಕಾನೂನಿನಲ್ಲಿ ಇಲ್ಲದ ಷರತ್ತು ಹಾಕಬಾರದು ಅಂತ ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಬಿಡಿಸಿ ಹೇಳಿದೆ.

ಆ ಡಾಕ್ಟರ್ ಮೇಲೆ ನನಗೆ ಸಿಟ್ಟು ಬಂದಿದ್ದು ನಿಜ. ಆಮೇಲೆ ಅವರ ಭಯವೂ ಅರ್ಥವಾಯಿತು. ಗರ್ಭಪಾತ ಇವತ್ತಿಗೂ ಅಪರಾಧದ ಕಾನೂನಿನಲ್ಲೇ ಇದೆ. ಐಪಿಸಿ 312 ಹೋಗಿ ಭಾರತೀಯ ನ್ಯಾಯ ಸಂಹಿತೆಯ 88 ಬಂತು, ಅಷ್ಟೇ. ಎಂಟಿಪಿ ಕಾಯ್ದೆ ಕೊಡುವುದು ಅದರಿಂದ ವಿನಾಯಿತಿ. ನಾಳೆ ಮನೆಯವರು ಯಾರಾದರೂ ಕೇಸು ಹಾಕಿದರೆ ಇರಲಿ ಅಂತ ಡಾಕ್ಟರ್ ಒಂದು ಕಾಗದ ಜಾಸ್ತಿ ಕೇಳುತ್ತಾರೆ. ಆ ಕಾಗದಕ್ಕಾಗಿ ಹೊಟ್ಟೆಯಲ್ಲಿ ವಾರಗಳು ಏರುತ್ತವೆ. ವೈದ್ಯರ ಭಯ ಕಳೆಯದೆ ಹೆಂಗಸರ ಅಲೆದಾಟ ನಿಲ್ಲುವುದಿಲ್ಲ, ಅಲ್ವಾ?

ಬೆಳಗಾವಿಯ ಸವಿತಾ ಹಾಲಪ್ಪನವರ್ ನೆನಪಿದ್ದಾರಲ್ಲ. 2012ರಲ್ಲಿ, 17 ವಾರದ ಬಸುರಿ, ಐರ್ಲೆಂಡಿನ ಗಾಲ್ವೇಯಲ್ಲಿ ನಂಜೇರಿ ತೀರಿಕೊಂಡರು. ಗರ್ಭ ಉಳಿಯುವುದಿಲ್ಲ ಅಂತ ಗೊತ್ತಿದ್ದೂ, ಅವರು ಕೇಳಿಕೊಂಡರೂ, ತೆಗೆದಿರಲಿಲ್ಲ. 2018ರಲ್ಲಿ ಅಲ್ಲಿನ ಜನ ಮತ ಹಾಕಿ ಸಂವಿಧಾನವನ್ನೇ ಬದಲಿಸಿದರು. ಆಮೇಲೆ ಬಂದ ಕಾಯ್ದೆಯಲ್ಲಿ, ಮನಸ್ಸಾಕ್ಷಿ ಒಪ್ಪದ ವೈದ್ಯರು ಹಿಂದೆ ಸರಿಯಬಹುದು. ಆದರೆ ಆ ಹೆಂಗಸನ್ನು ಬೇರೆ ವೈದ್ಯರ ಕೈಗೆ ಒಪ್ಪಿಸುವ ವ್ಯವಸ್ಥೆ ಮಾಡಲೇಬೇಕು. ನಮ್ಮ ಕಾಯ್ದೆಗೂ ಆ ಮಾತು ಸೇರಿಸಿ.

ಇನ್ನೊಂದು ವಿಷಯ. ತರಬೇತಿ ಪಡೆದ ನರ್ಸ್‌ಗಳು, ಎಎನ್‌ಎಂಗಳು (ಸಹಾಯಕ ದಾದಿಯರು) ಈ ಸೇವೆ ಕೊಡಬಹುದು ಅಂತ ನಿಮ್ಮ ಸಚಿವಾಲಯವೇ 2014ರಲ್ಲಿ ಕರಡು ಮಾಡಿತ್ತು. 2021ರ ತಿದ್ದುಪಡಿ ಬಂದಾಗ ಅದು ಇರಲಿಲ್ಲ. ಮೊದಲ ವಾರಗಳಲ್ಲಿ ನರ್ಸ್‌ಗಳೂ ಮಾತ್ರೆ ಕೊಡಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ ಹೇಳಿದೆ. ಆ ಕರಡನ್ನು ಮತ್ತೆ ತೆರೆಯಿರಿ.

ಕಾಯ್ದೆ ತಿದ್ದಲು ಸಮಯ ಬೇಕು, ಗೊತ್ತು. ಅಲ್ಲಿಯವರೆಗೆ ಫಾರ್ಮ್ ಸಿ ಮೇಲೆ ದಪ್ಪಕ್ಷರದಲ್ಲಿ ಒಂದು ಸಾಲು ಅಚ್ಚು ಹಾಕಿಸಿ: 'ಹದಿನೆಂಟು ತುಂಬಿದವರಿಗೆ ಗಂಡನ ಸಹಿ ಬೇಕಿಲ್ಲ.'

ಇಂತಿ,
ಒಬ್ಬ ಅಕ್ಕ